ದೀಪ ಹಚ್ಚುವ ಹೊತ್ತಿನ ಬಾಗಿಲು

ಬಸವಾಪಟ್ಟಣದ ನಾದಿನಿಯ ಮನೆಯಿಂದ ತಂದ ನಾಯಿಮರಿ ವರ್ಷ ತುಂಬುವುದರೊಳಗೆ ನಮ್ಮ ಮನೆಯ ಆಗುಹೋಗುಗಳನ್ನೆಲ್ಲ ನನಗಿಂತ ಚೆನ್ನಾಗಿ ತಿಳಿದುಕೊಂಡಿತ್ತು. ನ್ಯಾಮತಿಯ ನಮ್ಮ ಮನೆ ಹೊನ್ನಾಳಿ ರಸ್ತೆಗೆ ಅಂಟಿಕೊಂಡೇ ಇದೆ. ಹೊಸ್ತಿಲು ದಾಟಿದರೆ ಬಸ್ಸು, ಮೆಕ್ಕೆಜೋಳ ಹೇರಿಕೊಂಡ ಟ್ರ್ಯಾಕ್ಟರು. ಹಿಂದಿನ ನಾಯಿ ಸತ್ತದ್ದು ಅಲ್ಲಿಯೇ. ಇದನ್ನೂ ಹಾಗೆ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಮೊಬೈಲಿನಲ್ಲಿ ವಿಡಿಯೋ ನೋಡಿ ಪಾಠ ಶುರು ಮಾಡಿದೆ. ಬಾಗಿಲು ತೆರೆದು ‘ಕೂತ್ಕೊ’ ಎನ್ನುವುದು, ಕೂತರೆ ಬಿಸ್ಕತ್ತು. ಹಗಲೆಲ್ಲ ಅದು ಹೊಸ್ತಿಲ ಹಿಂದೆ, ಊಟದ ಪಂಕ್ತಿಯಲ್ಲಿ ಕೂತ ಬೀಗರಂತೆ ಗಂಭೀರವಾಗಿ ಕೂರುತ್ತಿತ್ತು. ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಸಂಜೆ ಮಾತ್ರ ನನ್ನ ಪಾಠಕ್ಕೆ ಎಳ್ಳುನೀರು. ನಮ್ಮತ್ತೆ ದೀಪ ಹಚ್ಚಿ, ಹಿತ್ತಲ ಬಾಗಿಲು ಹಾಕಿ, ಮುಂಬಾಗಿಲಿನ ಎರಡೂ ಕದ ಹಾರುಹೊಡೆದು ತೆರೆದಿಡುತ್ತಾರೆ. ಲಕ್ಷ್ಮಿ ಮುಂದಿನಿಂದ ಬರಬೇಕು, ಬಂದವಳು ಹಿಂದಿನಿಂದ ಹೋಗಬಾರದು. ಬೆಂಕಿಕಡ್ಡಿ ಗೀರಿದ ಸದ್ದಿಗೇ ನಾಯಿ ಮೈ ಮುರಿದು ಎದ್ದು ನಿಲ್ಲುತ್ತಿತ್ತು. ಲಕ್ಷ್ಮಿ ಒಳಗೆ ಬಂದಳೋ ಇಲ್ಲವೋ, ನಾಯಿಯಂತೂ ಹೊರಗೆ, ಚಪ್ಪಲಿಯಿಲ್ಲದೆ ನಾನು ಅದರ ಹಿಂದೆ. ಕಟ್ಟಿಹಾಕಿದರೆ ಊಳಿಡುತ್ತಿತ್ತು, ದೀಪದ ಹೊತ್ತಿಗೆ ಅದು ಅಪಶಕುನ. ಒಂದು ಕದವನ್ನಾದರೂ ಮುಚ್ಚೋಣವೆಂದರೆ, ನಾಯಿಗೋಸ್ಕರ ದೇವರನ್ನು ಬಾಗಿಲಲ್ಲಿ ನಿಲ್ಲಿಸಲೇ ಎಂದು ಅತ್ತೆ ಕೇಳಿದರು. ಬೈಯುವಾಗಲ್ಲದೆ ಅವರು ನಾಯಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಆದರೆ ಲಕ್ಷ್ಮಿಯ ವಿಷಯದಲ್ಲಿ ಅತ್ತೆಯ ಜೊತೆ ಜಗಳವಾಡಿ ಗೆದ್ದ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಒಂದು ಸಂಜೆ ಅದು ಹೊರಗೋಡಿದ ಮರುಗಳಿಗೆಯೇ ರಸ್ತೆಯಲ್ಲಿ ಟ್ರ್ಯಾಕ್ಟರಿನ ಬ್ರೇಕು ಕಿರುಚಿತು. ಮೊಣಕಾಲು ನೋವೆಂದು ಮೆಟ್ಟಿಲನ್ನೇ ಇಳಿಯದ ಅತ್ತೆ, ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದುಕೊಂಡೇ ನನಗಿಂತ ಮುಂಚೆ ರಸ್ತೆಯಲ್ಲಿದ್ದರು. ನಾಯಿ ಚಕ್ರದ ಪಕ್ಕ ಕೂತಿತ್ತು. ನಾನು ಕಲಿಸಿದ ಹಾಗೆಯೇ, ಬಿಸ್ಕತ್ತಿಗಾಗಿ ಮುಖ ನೋಡುತ್ತ. ಅತ್ತೆ ಅದರ ಬೆನ್ನಿಗೊಂದು ಕೊಟ್ಟು, ಕೊರಳಪಟ್ಟಿ ಹಿಡಿದು ಎಳೆದು ತಂದರು. ಆ ರಾತ್ರಿ ಅವರು ಸರಿಯಾಗಿ ಉಣ್ಣಲಿಲ್ಲ.

ಮಾರನೆಯ ಸಂಜೆ ದೀಪ ಹಚ್ಚಿದರು, ಹಿತ್ತಲ ಬಾಗಿಲು ಹಾಕಿದರು. ಒಂದು ಕೈಯಲ್ಲಿ ನಾಯಿಯ ಕೊರಳಪಟ್ಟಿ ಹಿಡಿದು ಮುಂಬಾಗಿಲಿನ ಒಂದೇ ಕದ ತೆರೆದರು. ಕೈ ಮುಗಿಯಲಾಗದೆ ತಲೆಯನ್ನಷ್ಟೇ ಬಾಗಿಸಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

“ಬಂದ್ಳು. ಇನ್ನ ಈ ಕದಾನೂ ಹಾಕವ್ವ. ಮನೆಗೆ ಬಂದಿದ್ದು ಹೋಗಬಾರದು ಅಂತಲ್ಲೇನು ಬಾಗಿಲು ಹಾಕಾದು.”