ತಂಪಿಗೆ ಇಟ್ಟ ಮಾತ್ರೆಗಳು

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಕೈಬರಹ ಅಂದವಾಗಿಲ್ಲ, ಒತ್ತಕ್ಷರ, ದೀರ್ಘಗಳಲ್ಲಿ ತಪ್ಪುಗಳೂ ಇರಬಹುದು, ಮನ್ನಿಸಬೇಕು. ಪೀಣ್ಯದ ಒಂದು ಕಾರ್ಖಾನೆಯ ರವಾನೆ ವಿಭಾಗದಲ್ಲಿ ಬೆರಳಚ್ಚುಗಾರ್ತಿಯಾಗಿ ಇತರರ ಪತ್ರಗಳನ್ನು ಹೊಡೆದುಕೊಟ್ಟದ್ದನ್ನು ಬಿಟ್ಟರೆ, ಸ್ವಂತವಾಗಿ ನಾನು ಏನನ್ನೂ ಬರೆದವಳಲ್ಲ. ಇದನ್ನು ಬರೆಯಲು ಕಾರಣ ಒಂದೇ. ನಾನು ಮಾತ್ರೆ ಬಿಟ್ಟದ್ದರಿಂದಲೇ ಮಗಳು ಹುಟ್ಟಿದಳೆಂದು ಹೇಳುವವರು ನಮ್ಮ ಸಂಬಂಧಿಕರಲ್ಲಿ ಇಂದಿಗೂ ಇದ್ದಾರೆ. ಅದನ್ನು ಆ ಮಗಳ ಎದುರಿಗೇ ಹೇಳುತ್ತಾರೆ. ಸದರಿ ಹೇಳಿಕೆ ಶುದ್ಧ ಸುಳ್ಳು. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ನಿವೇದಿಸುತ್ತೇನೆ.

ಕೆಲಸಕ್ಕೆ ಸೇರಿದ ಮರುವರ್ಷ ನನಗೆ ಕಾಯಿಲೆ ಬಂತು. ಬೆಳಿಗ್ಗೆ ಎದ್ದು ಜಡೆ ಹಾಕಿಕೊಳ್ಳುವುದು ಕೂಡ ಆಗದ ಕೆಲಸವೆನಿಸುತ್ತಿತ್ತು. ಟೈಪ್‌ರೈಟರಿನ ಮುಂದೆ ಕುಳಿತರೆ ಕಾರಣವಿಲ್ಲದೆ ಕಣ್ಣೀರು ಸುರಿಯುತ್ತಿತ್ತು. ಮೇಲಧಿಕಾರಿ ಕರೆದರೆ ಎದೆ ಡವಗುಟ್ಟಿ, ಅಂಗೈ ಬೆವರಿ, ಹಿಡಿದ ಕಾಗದ ಒದ್ದೆಯಾಗುತ್ತಿತ್ತು. ನನ್ನ ತಂದೆ ನಗರದ ದೊಡ್ಡ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ವೈದ್ಯೆ ಎರಡು ಮಾತ್ರೆಗಳನ್ನು ಬರೆದುಕೊಟ್ಟರು: ಮನಸ್ಸು ಕುಸಿಯದಂತೆ ಗುಲಾಬಿ ಬಣ್ಣದ್ದೊಂದು, ದಿಗಿಲಿಗೆ ಬಿಳಿಯದೊಂದು. ಕೆಲವು ವಾರಗಳಲ್ಲಿ ನಾನು ಮತ್ತೆ ಮನುಷ್ಯಳಾದೆ. ಅಂದಿನಿಂದ ಮಾತ್ರೆಗಳು ನನ್ನ ಜೊತೆಗಿದ್ದವು. ಮದುವೆಯ ಮಾತುಕತೆಯಲ್ಲಿ ತಂದೆಯವರು ವಿಷಯವನ್ನು ಮುಚ್ಚಿಡಲಿಲ್ಲ. ಗಂಡಿನ ಕಡೆಯವರು ಅದನ್ನು "ನರದ ವೀಕ್ನೆಸ್" ಎಂದು ತಮಗೆ ಅನುಕೂಲವಾಗುವಂತೆ ತಿದ್ದಿಕೊಂಡರು. ಕಾರ್ಖಾನೆಯಲ್ಲಿ ಕಾಯಂ ಕೆಲಸದಲ್ಲಿರುವ ಹುಡುಗಿಯ ನರಗಳು ಎಷ್ಟು ವೀಕಾಗಿದ್ದರೂ ಅವರಿಗೆ ಅಡ್ಡಿಯಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ರಾಜಗೋಪಾಲನಗರದಲ್ಲಿ ಬಾಡಿಗೆಗಿದ್ದೆವು. ನನ್ನ ಯಜಮಾನರು ಹತ್ತಿರದ ಇನ್ನೊಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಮ್ಮ ವಠಾರದ ಒಡತಿ, ಹಿಂದೆ ರಾಗಿ ಬೆಳೆಯುತ್ತಿದ್ದ ತಮ್ಮ ಹೊಲದಲ್ಲಿಯೇ ಸಾಲುಮನೆಗಳನ್ನು ಕಟ್ಟಿಸಿ, ಬಾಡಿಗೆದಾರರ ಹೊಟ್ಟೆಯ ಒಳಗೂ ಹೊರಗೂ ಏನು ನಡೆಯುತ್ತಿದೆಯೆಂಬುದನ್ನು ತಿಳಿದುಕೊಳ್ಳುವ ಹಕ್ಕು ತಮಗಿದೆಯೆಂದು ಭಾವಿಸಿದ್ದ ಮಹಿಳೆ.

ನನಗೆ ಮಗು ಬೇಕಿತ್ತು. ಇದನ್ನು ಸ್ಪಷ್ಟವಾಗಿ ದಾಖಲಿಸಬಯಸುತ್ತೇನೆ, ಏಕೆಂದರೆ ಮಾತ್ರೆ ನುಂಗುವ ಹೆಂಗಸಿಗೆ ತಾಯಿಯಾಗುವ ಮನಸ್ಸೇ ಇರುವುದಿಲ್ಲವೆಂದು ಆಗ ಎಲ್ಲರೂ ತೀರ್ಮಾನಿಸಿದ್ದರು. ಮಗು ಬೇಕಿತ್ತು; ಆದರೆ ಮತ್ತೆ ಆ ಕತ್ತಲೆಗೆ ಬೀಳದೆ ಬೇಕಿತ್ತು. ಮೊದಲು ಕಾರ್ಖಾನೆಯ ಡಿಸ್ಪೆನ್ಸರಿಯ ವೈದ್ಯರನ್ನು ಕೇಳಿದೆ. ಅವರು ನೆಗಡಿಗೂ, ಸೊಂಟನೋವಿಗೂ, ಯಂತ್ರಕ್ಕೆ ಸಿಕ್ಕಿದ ಬೆರಳಿಗೂ ಒಂದೇ ಕೆಂಪು ಔಷಧಿಯನ್ನು ಬಾಟಲಿಗೆ ಸುರಿದುಕೊಡುತ್ತಿದ್ದ ಮಹಾನುಭಾವರು.

"ಮಗು ಬೇಕೋ ಮಾತ್ರೆ ಬೇಕೋ, ಒಂದು ಹೇಳಮ್ಮ," ಎಂದು ತಲೆಯೆತ್ತದೆ ಕೇಳಿದರು.

"ಎರಡೂ ಬೇಕು ಸಾರ್. ಅದು ಹೇಗೆ ಅಂತ ಕೇಳೋಕೆ ಬಂದೆ."

"ನೆಕ್ಸ್ಟ್," ಎಂದರು.

ಆಸ್ಪತ್ರೆಯ ವೈದ್ಯೆ ಹಾಗಲ್ಲ. ಯಜಮಾನರನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಿದರು. "ಇದು ನಿಲ್ಸೋದಲ್ಲಮ್ಮ, ಇಳ್ಸೋದು. ಮೊದಲು ದಿಗಿಲಿನ ಮಾತ್ರೆ, ಸ್ವಲ್ಪ ಸ್ವಲ್ಪವಾಗಿ. ಅದು ಪೂರ್ತಿ ಹೋದ್ಮೇಲೆ ಇನ್ನೊಂದನ್ನ ಎಷ್ಟು ಕಮ್ಮಿ ಮಾಡ್ಬಹುದೋ ನೋಡೋಣ. ಬೇಕಾದ್ರೆ ಬಸುರಿನಲ್ಲೂ ಸ್ವಲ್ಪ ಮುಂದುವರ್ಸೋಣ. ನಿಮ್ಮಷ್ಟಕ್ಕೆ ನೀವು ಒಂದೇ ಸಲ ನಿಲ್ಲಿಸ್ಬೇಡಿ."

"ಮಗುಗೆ ಏನೂ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ ಮೇಡಂ?" ಎಂದರು ಯಜಮಾನರು, ಮಿಕ್ಸಿ ಕೊಳ್ಳಲು ಹೋದವರಂತೆ.

"ಮಾತ್ರೆ ತಗೊಳ್ದೇ ಇರೋರಿಗೂ ನಾನು ಗ್ಯಾರಂಟಿ ಕೊಡಲ್ಲ. ಕಾಯಿಲೆ ಬಿದ್ದ ತಾಯಿ ಊಟ ನಿದ್ದೆ ಬಿಟ್ರೆ ಅದೂ ಮಗೂಗೆ ಒಳ್ಳೇದಲ್ಲ. ಎರಡನ್ನೂ ತೂಗಿ ನೋಡ್ಬೇಕು."

ಯಜಮಾನರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರಿಗೆ ಸಮನಾದವರನ್ನು ನಾನು ಈವರೆಗೆ ಕಂಡಿಲ್ಲ. ಮನೆಗೆ ಬಂದವರೇ, ಸೊಸೆಗೆ ಮಗುವಾಗುವವರೆಗೆ ಬಂದು ಇರಬೇಕೆಂದು ಮಾಗಡಿ ಕಡೆಯ ಊರಿನಲ್ಲಿದ್ದ ತಾಯಿಗೆ ಹೇಳಿಕಳುಹಿಸಿದರು.

ಅತ್ತೆಯವರು ಬಂದರು. ಅವರು ಕೆಟ್ಟವರಲ್ಲವೆಂದು ಒಪ್ಪಿಕೊಳ್ಳುತ್ತೇನೆ; ಆದರೆ ಅವರಿಗೆ ತಿಳಿಯದ ವಿಷಯ ಎಂಬುದು ಪ್ರಪಂಚದಲ್ಲಿ ಇರಲಿಲ್ಲ. ಇಂಗ್ಲಿಷ್ ಔಷಧಿಯೆಲ್ಲವೂ ಉಷ್ಣ, ಉಷ್ಣಕ್ಕೆ ಗರ್ಭ ನಿಲ್ಲುವುದಿಲ್ಲ ಎಂಬುದು ಅವರ ಸಿದ್ಧಾಂತ. ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಮರಳಿನ ಗುಡ್ಡೆ ಮಾಡಿ, ಅದರ ಮೇಲೆ ಕುಡಿಯುವ ನೀರಿನ ಮಡಕೆ ಇಟ್ಟು, ವೀಳ್ಯದೆಲೆ, ಕೊತ್ತಂಬರಿ ಸೊಪ್ಪು, ನಿಂಬೆಹಣ್ಣುಗಳನ್ನು ಆ ಮರಳಿನಲ್ಲಿ ತಂಪಿಗೆ ಇಡುತ್ತಿದ್ದರು. ಅದು ಒಳ್ಳೆಯ ಪದ್ಧತಿ. ಸೊಪ್ಪು ಬಾಡುತ್ತಿರಲಿಲ್ಲ.

ಅವರು ಬಂದ ಮೇಲೆ ನಾನು ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕಾಯಿತು. ಆ ದಿನಗಳಲ್ಲಿ ನಾನು ಕಾರ್ಖಾನೆಯ ಯಂತ್ರ, ಕಾಗದ, ಬಸ್ಸಿನ ಕಂಬಿ, ಸಂಬಳದ ಕವರು ಎಲ್ಲವನ್ನೂ ಮುಟ್ಟಬಹುದಿತ್ತು. ಮನೆಯ ಉಪ್ಪಿನ ಡಬ್ಬಿಯನ್ನು ಮಾತ್ರ ಮುಟ್ಟಬಾರದಿತ್ತು. ಸಂಜೆ ಮರಳಿದರೆ ಜಗಲಿಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ವಠಾರದ ನಲ್ಲಿಗೆ ಬರುವವರೆಲ್ಲರೂ ನೋಡಿಕೊಂಡು ಹೋಗುತ್ತಿದ್ದರು. ನನ್ನ ಮಾತ್ರೆಗಳಿದ್ದ ತಗಡಿನ ಡಬ್ಬಿ ಒಳಗಿನ ಗೂಡಿನಲ್ಲಿತ್ತು. ಒಂದು ತಿಂಗಳು ಹೀಗೆ ಹೊರಗೆ ಕುಳಿತಾಗ, ಹಿಂದಿನ ವಾರವಷ್ಟೇ ಆಸ್ಪತ್ರೆಯಿಂದ ತಿಂಗಳಿಗಾಗುವಷ್ಟು ಕಾಗದದ ಪೊಟ್ಟಣಗಳಲ್ಲಿ ತಂದಿದ್ದೆ. ಅತ್ತೆಯವರು ಪ್ರತಿ ಸಂಜೆ ಮಾತ್ರೆಗಳನ್ನು ಮೇಲಿನಿಂದ ನನ್ನ ಅಂಗೈಗೆ ಬೀಳಿಸುತ್ತಿದ್ದರು. ಎರಡನೆಯ ಸಂಜೆ ಅವು ತೇವವಾಗಿದ್ದವು. ಅವರ ಕೈ ಒದ್ದೆಯಿರಬೇಕೆಂದು ನುಂಗಿದೆ. ಮರುದಿನದವು ಬೆರಳಿಗೆ ಬಣ್ಣ ಹತ್ತಿಸಿದವು. ಹಾಗೆಯೇ ಬಾಯಿಗೆ ಹಾಕಿಕೊಂಡೆ.

ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ದಿನ ಡಬ್ಬಿ ತೆರೆದರೆ ಖಾಲಿ.

"ಅತ್ತೆ, ಮಾತ್ರೆ ಎಲ್ಲಿ?"

"ಮಳ್ಳಾಗೆ ಇಕ್ಕಿವ್ನಿ ಕಣವ್ವ. ಅಂಗೇ ನುಂಗಿದ್ರೆ ಒಟ್ಟೆ ಸುಟ್ಟೋಗಕಿಲ್ವಾ? ಉಷ್ಣ ಇಳೀಲಿ ಅಂತ."

ಮಡಕೆಯ ಬುಡದಲ್ಲಿ, ನಿಂಬೆಹಣ್ಣುಗಳ ನಡುವೆ, ಗುಲಾಬಿ ಬಣ್ಣದ ಕೆಸರಿತ್ತು. ಬಿಳಿಯವು ಮರಳಿನಲ್ಲಿ ಕರಗಿ ಗುರುತೇ ಸಿಗದಂತಾಗಿದ್ದವು. ಅತ್ತೆಯವರು ಬಾಗಿ ನೋಡಿ, "ಅಯ್ಯೋ, ಇಷ್ಟೇನಾ ಇವುಗಳ ಗಟ್ಟಿತನ?" ಎಂದರು.

ಪೀಣ್ಯದ ಔಷಧಿ ಅಂಗಡಿಯಲ್ಲಿ ಆ ಮಾತ್ರೆಗಳು ಸಿಗುತ್ತಿರಲಿಲ್ಲ. ಆ ವಾರ ನಮ್ಮ ವಿಭಾಗದಲ್ಲಿ ಯಾರಿಗೂ ರಜೆಯಿರಲಿಲ್ಲ. ಯಜಮಾನರಿಗೆ ಬೆಳಗಿನ ಪಾಳಿಯಾದುದರಿಂದ, ಮಧ್ಯಾಹ್ನ ಮೆಜೆಸ್ಟಿಕ್ಕಿನ ದೊಡ್ಡ ಔಷಧಿ ಅಂಗಡಿಗೆ ಹೋಗಿ ತರುವುದಾಗಿ ಹೇಳಿ ವೈದ್ಯೆಯ ಚೀಟಿಯನ್ನು ಜೇಬಿಗಿಟ್ಟುಕೊಂಡರು. ಮೊದಲ ದಿನ ಸೀಬೆಹಣ್ಣು ತಂದರು, ಅಂಗಡಿ ಮುಚ್ಚಿತ್ತಂತೆ. ಮರುದಿನ ಮಲ್ಲಿಗೆ ಹೂವು ತಂದರು. ಅಂಗಡಿಯಲ್ಲಿ ಸರಕು ಬಂದಿರಲಿಲ್ಲವಂತೆ. ಅವರು ಮೆಜೆಸ್ಟಿಕ್ಕಿಗೆ ಹೋಗಿಯೇ ಇರಲಿಲ್ಲವೆಂಬುದು ಆನಂತರ ತಿಳಿಯಿತು.

"ಹೇಗೂ ಬಿಡೋದೇ ತಾನೇ? ತಾನಾಗೇ ಬಿಟ್ಟುಹೋಯ್ತು ಅನ್ಕೋ. ನಾಲ್ಕು ದಿನ ನೋಡೋಣ ಕಣೇ," ಎಂದರು. ನೋಡುವುದಕ್ಕೆ ಅವರಿಗೇನು ಕಷ್ಟ? ಅನುಭವಿಸುವವಳು ನಾನು.

ವರ್ಷಗಟ್ಟಲೆ ನುಂಗಿದ ಮಾತ್ರೆ ಹಠಾತ್ತನೆ ನಿಂತರೆ ದೇಹ ಸುಮ್ಮನಿರುವುದಿಲ್ಲ. ನಿದ್ದೆ ಹೋಯಿತು. ತಲೆ ತಿರುಗತೊಡಗಿತು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಒಂದು ಬೆಳಿಗ್ಗೆ ನಲ್ಲಿಯ ಬಳಿ ಬಿಂದಿಗೆ ಇಟ್ಟು ಮೋರಿಗೆ ಬಾಗಿ ವಾಂತಿ ಮಾಡಿದೆ. ಮನೆಯೊಡತಿ ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಿದ್ದರು. ಅವರ ಮುಖ ಅರಳಿತು.

"ಏನವ್ವಾ, ಸಿಹಿಸುದ್ದಿ ನಮ್ಗೆ ಏಳ್ದೆ ಮುಚ್ಚಿಟ್ಕಂಡಿದ್ದೀಯಾ?"

"ಹಾಗೇನಿಲ್ಲ ಅಮ್ಮ. ಮಾತ್ರೆ ತಪ್ಪಿದೆ, ಅದಕ್ಕೆ."

"ಮಾತ್ರೆ ತಪ್ಪಿದ್ಕೇ ನಿಂತೈತೆ ಅನ್ನು!"

"ಹೋದ ವಾರ ತಾನೇ ನಾನು ಹೊರಗೆ ಕೂತಿದ್ದೆ. ನೀವೇ ನೋಡಿದ್ರಲ್ಲ?"

"ಅದಾದ್ಮೇಲೂ ಆಯ್ತದೆ ಕಣೇ ಕೆಲವ್ರಿಗೆ. ನೀನು ಕಂಡಿದ್ದೀಯಾ, ನಾನು ಐದು ಎತ್ತೋಳು ಕಂಡಿದ್ದೀನಾ?"

ಮುಟ್ಟಾದವಳೆಂದು ನನ್ನನ್ನು ಜಗಲಿಗೆ ಹಾಕಿದ್ದ ಅತ್ತೆಯವರೇ, ವಾರ ಕಳೆಯುವಷ್ಟರಲ್ಲಿ ನನ್ನನ್ನು ಬಸುರಿಯೆಂದು ಘೋಷಿಸಿದರು. ಮಾವಿನಕಾಯಿ ಬಂತು. ಹುಣಸೆಹಣ್ಣು ಬಂತು. ಎದುರುಮನೆಯ ಹೆಂಗಸು ನನ್ನ ನಡಿಗೆಯನ್ನು ನೋಡಿ ಗಂಡೇ ಎಂದು ತೀರ್ಪು ಕೊಟ್ಟಳು. ಡಿಪ್ಲೊಮಾ ಓದಿದ ನನ್ನ ಯಜಮಾನರು ತಮ್ಮ ಪಾಳಿಯವರಿಗೆಲ್ಲ ಮೈಸೂರುಪಾಕ್ ಹಂಚಿ ಬಂದರು. ಕಬ್ಬಿಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಂಡುಹಿಡಿಯುವ ಆ ಮನುಷ್ಯನಿಗೆ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುವುದು ಸಾಧ್ಯವಾಗಲಿಲ್ಲ.

"ರೀ, ನಾನು ಬಸುರಿ ಅಲ್ಲ. ನನಗೆ ಹುಷಾರಿಲ್ಲ. ಮಾತ್ರೆ ತಂದುಕೊಡಿ," ಎಂದೆ.

"ಇಂಥ ಟೈಮಲ್ಲಿ ಮಾತ್ರೆ ಅಂತೀಯಲ್ಲ, ನೀನು ತಾಯೇನೇ?" ಎಂದರು. ಇಲ್ಲದ ಮಗುವಿನ ಪರವಾಗಿ ಇದ್ದ ಹೆಂಡತಿಯನ್ನು ಗದರಿದರು.

ವಾಂತಿ ಕೆಲವು ದಿನಗಳಲ್ಲಿ ನಿಂತಿತು. ಅದರ ಹಿಂದೆಯೇ ನಾನು ಹೆದರುತ್ತಿದ್ದದ್ದು ಬಂತು. ಜಡೆ ಹಾಕಿಕೊಳ್ಳುವುದು ಮತ್ತೆ ಆಗದ ಕೆಲಸವಾಯಿತು. ಕಚೇರಿಯಲ್ಲಿ ಒಂದೇ ಪತ್ರವನ್ನು ನಾಲ್ಕಾರು ಬಾರಿ ಹೊಡೆದು ಹರಿದುಹಾಕಿದೆ. ದಾಸ್ತಾನು ಕೊಠಡಿಯಲ್ಲಿ ಕಾಗದದ ಕಟ್ಟುಗಳ ಮಧ್ಯೆ ಕುಳಿತು ಅಳುತ್ತಿದ್ದೆ. ಬಸುರಿಯರು ಅಳುತ್ತಾರೆಂದು ಜೊತೆಯ ಗುಮಾಸ್ತೆಯರು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಆ ದಿನ ಕಿಟಕಿಯಿಂದ ಲಾರಿಗಳು ಹಿಂದೆ ಸರಿಯುವುದನ್ನು ನೋಡುತ್ತ, ಅವುಗಳ ಗಾಲಿಗೆ ಸಿಕ್ಕರೆ ಎಲ್ಲವೂ ಮುಗಿಯುತ್ತದಲ್ಲ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ನನ್ನನ್ನೇ ಬೆಚ್ಚಿಬೀಳಿಸಿತು. ಯಾರ ಅನುಮತಿಯನ್ನೂ ಕೋರದೆ ಗೇಟು ದಾಟಿ ಬಸ್ಸು ಹತ್ತಿದೆ.

ಆಸ್ಪತ್ರೆಯ ವೈದ್ಯೆ ಬೈಯಲಿಲ್ಲ. ಎಲ್ಲವನ್ನೂ ಕೇಳಿ, ಮರಳಿನ ಪ್ರಕರಣ ಬಂದಾಗ ಮಾತ್ರ ಲೇಖನಿ ಕೆಳಗಿಟ್ಟರು.

"ಆ ಯೋಚನೆ ಬಂದ ತಕ್ಷಣ ಬಂದ್ಯಲ್ಲ, ಅದೇ ಸರಿ. ಬಸುರಿ ಹೌದೋ ಅಲ್ವೋ ಅಂತ ಇವತ್ತೇ ಪರೀಕ್ಷೆ ಮಾಡಿಸ್ಬಿಡೋಣ. ಮಾತ್ರೆ ಮತ್ತೆ ಶುರು ಮಾಡ್ತೀನಿ. ಮಗು ಸ್ವಲ್ಪ ತಡ ಆಗತ್ತೆ, ಅಷ್ಟೇ. ಡಬ್ಬಿ ನಿನ್ನ ಹತ್ರಾನೇ ಇರ್ಲಿ. ಬೇರೆ ಯಾರೂ ಮುಟ್ಟೋದು ಬೇಡ."

ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಅದನ್ನು ಮನೆಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ತಿಂಗಳು ತುಂಬಿ ನಾನು ಮತ್ತೆ ಜಗಲಿಯಲ್ಲಿ ಕುಳಿತಾಗ ಮನೆಯಲ್ಲಿ ಸೂತಕದ ಕಳೆ ಬಂತು. "ಉಳೀಲಿಲ್ಲ ಕಣಮ್ಮ. ತಿರ್ಗಾ ಮಾತ್ರೆ ನುಂಗಿದ್ಲು, ಓಯ್ತು," ಎಂದು ಅತ್ತೆಯವರು ಎದುರುಮನೆಯವಳ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮನೆಯೊಡತಿ ಸಾಂತ್ವನ ಹೇಳಲು ಬಂದರು, ನನಗಲ್ಲ, ಅತ್ತೆಯವರಿಗೆ. ಹೀಗೆ, ಎಂದೂ ಇಲ್ಲದಿದ್ದ ಒಂದು ಮಗುವಿನ ಕೊಲೆ ನನ್ನ ತಲೆಗೆ ಬಂತು. ಯಜಮಾನರು ಎಂದಿನಂತೆ ತಲೆಯಾಡಿಸಿದರು.

ಆಮೇಲೆ ನಾನು ಮನೆಯಲ್ಲಿ ವಿವರಣೆ ಕೊಡುವುದನ್ನು ನಿಲ್ಲಿಸಿದೆ. ಮಾತ್ರೆ ನನ್ನ ಕೈಚೀಲದಲ್ಲಿ, ಕೈಚೀಲ ನನ್ನ ಹೆಗಲಿನಲ್ಲಿ. ಜಗಲಿಯಲ್ಲಿ ಕೂರುವ ದಿನಗಳಲ್ಲಿ ಅದೂ ನನ್ನೊಂದಿಗೆ ಮೈಲಿಗೆಯಾಗಿ ಹೊರಗೇ ಇರುತ್ತಿತ್ತು. ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಆ ಪದ್ಧತಿಯಿಂದ ನನಗಾದ ಏಕೈಕ ಉಪಕಾರವದು. ವೈದ್ಯೆಯ ಸಲಹೆಯಂತೆ ದಿಗಿಲಿನ ಮಾತ್ರೆಯನ್ನು ಅರ್ಧವಾಗಿ, ಕಾಲಾಗಿ ಇಳಿಸುತ್ತ ಬಿಟ್ಟೆ. ಅದಕ್ಕೆ ಒಂದು ಮಳೆಗಾಲವೂ ಒಂದು ಚಳಿಗಾಲವೂ ಹಿಡಿದವು. ಗುಲಾಬಿ ಮಾತ್ರೆಯನ್ನು ಕಡಿಮೆ ಮಾಡಿ, ಒಮ್ಮೆ ಪೂರ್ತಿ ಬಿಟ್ಟು ನೋಡಿದೆವು, ಮನಸ್ಸು ಜಾರತೊಡಗಿತು, ಸ್ವಲ್ಪ ಪ್ರಮಾಣದಲ್ಲಿ ಮತ್ತೆ ಆರಂಭಿಸಿದೆವು. ಬಸುರಾದಾಗ ಆ ಸ್ವಲ್ಪವನ್ನು ನುಂಗುತ್ತಲೇ ಇದ್ದೆ. ಹೆರಿಗೆ ಆಸ್ಪತ್ರೆಯ ವೈದ್ಯರಿಗೂ ಅದನ್ನು ಮೊದಲೇ ತಿಳಿಸಲಾಗಿತ್ತು. ಪ್ರತಿ ಬಾರಿ ನುಂಗುವ ಮೊದಲು ವೈದ್ಯೆಯ ಚೀಟಿ ತೆಗೆದು, ಪ್ರಮಾಣ ಸರಿಯಿದೆಯೇ ಎಂದು ಮತ್ತೆ ಓದಿಕೊಳ್ಳುತ್ತಿದ್ದೆ. ಧೈರ್ಯವಂತೆಯೆಂದು ನಾನು ಹೇಳಿಕೊಳ್ಳುವುದಿಲ್ಲ. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಹೊಟ್ಟೆ ತಾನಾಗಿ ಕಾಣಿಸಿಕೊಳ್ಳುವವರೆಗೆ ವಠಾರದಲ್ಲಿ ಯಾರಿಗೂ ತಿಳಿಸಲಿಲ್ಲ. ಯಜಮಾನರಿಗೆ ಹೇಳಿದ ದಿನ, ಈ ಸಲ ಮೈಸೂರುಪಾಕ್ ಹಂಚಿದರೆ ತವರಿಗೆ ಹೋಗುವುದಾಗಿಯೂ ತಿಳಿಸಿದೆ. ಹಂಚಲಿಲ್ಲ.

ನೋವು ಬಂದು ಹೆರಿಗೆ ಆಸ್ಪತ್ರೆಗೆ ಸೇರಿಸುವಾಗ ನರ್ಸು ಎಷ್ಟನೆಯ ಬಸಿರೆಂದು ಕೇಳಿದರು. ನನಗಿಂತ ಮೊದಲು ಅತ್ತೆಯವರು ಬಾಯಿ ತೆರೆದರು.

"ಎಲ್ಡನೇದು ಕಣವ್ವ. ಮೊದಲ್ನೇದು ಮಾತ್ರೆ ನುಂಗಿ ಓಯ್ತು. ಇದು ಮಾತ್ರೆ ಬಿಟ್ಟಿದ್ಕೇ ನಿಂತೈತೆ."

ನಾನು ಮಂಚದ ಕಂಬಿ ಹಿಡಿದುಕೊಂಡು ಎದ್ದು ಕುಳಿತೆ. "ಮೊದಲನೇದು ಸಿಸ್ಟರ್. ಇದಕ್ಕೂ ಮುಂಚೆ ಯಾವುದೂ ಇರಲಿಲ್ಲ. ಮಾತ್ರೆ ಈಗಲೂ ತಗೊಳ್ತಿದ್ದೀನಿ, ಅದನ್ನೂ ಬರ್ಕೊಳ್ಳಿ," ಎಂದೆ. ನರ್ಸು ಒಮ್ಮೆ ಅತ್ತೆಯವರನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, ನಾನು ಹೇಳಿದಂತೆಯೇ ಬರೆದುಕೊಂಡರು. ಅತ್ತೆಯವರು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತರು. ಮಗಳು ಬೆಳಗಾಗುವ ಮೊದಲೇ, ಜೋರಾಗಿ ಅಳುತ್ತ, ಆರೋಗ್ಯವಾಗಿ ಹುಟ್ಟಿದಳು.

ಮೇಲ್ಕಂಡ ಸಂಗತಿಗಳು ನನಗೆ ತಿಳಿದಮಟ್ಟಿಗೆ ಸತ್ಯವಾಗಿವೆ. ಕಾಗುಣಿತದಲ್ಲಾಗಲಿ, ವಾಕ್ಯರಚನೆಯಲ್ಲಾಗಲಿ ತಪ್ಪುಗಳು ಕಂಡುಬಂದಲ್ಲಿ, ಬಲ್ಲವರಾದ ತಾವು ಅವುಗಳನ್ನು ದಯಮಾಡಿ ತಿದ್ದಿ ಓದಿಕೊಳ್ಳಬೇಕೆಂದು ಕೋರುತ್ತೇನೆ.