ರಕ್ತ ವಾಶಿಗೆ ಹೋದಾಗ

ನನ್ನ ಗಂಡ ಲೋಕನಾಥ ಮುಂಬಯಿ ಕಡೆಯ ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲಲ್ಲಿ ಅಡುಗೆಯವರು. ಸಾಂಬಾರು ಕುದಿಯುವಾಗ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿ ಉಪ್ಪು ನೋಡುವುದು ಅವರ ಕ್ರಮ. ಅಳತೆಯ ಚಮಚ ಕೊಟ್ಟರೆ ಮರ್ಯಾದೆ ಹೋದಂತೆ! ೨೦೧೩ರ ಬೇಸಿಗೆಯಲ್ಲಿ ಆ ನಾಲಗೆಯೇ ಕೈಕೊಟ್ಟಿತು. ಗಿರಾಕಿಗಳು ಉಪ್ಪು ಜಾಸ್ತಿ ಎಂದು ಬಟ್ಟಲು ದೂಡುತ್ತಿದ್ದರು, ಇವರಿಗೆ ಮಾತ್ರ ಎಲ್ಲ ಸಪ್ಪೆ. ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ನೀರನ್ನೂ ಬಿಡಲಿಲ್ಲ. ಮೈ ಕಪ್ಪಾಯಿತು, ವಸಡೂ ಕಪ್ಪಾಯಿತು. ಒಲೆಯ ಬಿಸಿ ಎಂದರು ಜನ. ಒಲೆ ಬಾಯೊಳಗೆ ಉರಿಯುತ್ತದಾ ಮಾರಾಯ್ರೆ?

ಪ್ಲಾಟ್‌ಫಾರ್ಮಲ್ಲಿ ತಲೆ ತಿರುಗಿ ಬಿದ್ದ ಮೇಲೆ ದೊಡ್ಡ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದೆ. ಕಿಡ್ನಿಯ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿ ಇದೆಯಂತೆ, ಅದು ಸೋತಿದೆ, ಮೈಯಲ್ಲಿ ಉಪ್ಪು ನಿಲ್ಲುತ್ತಿಲ್ಲ ಎಂದರು. ಮಾತ್ರೆ ಕೂಡಲೇ ಶುರು ಮಾಡಿಸಿದರು. ಕಾರಣ ಟಿಬಿ ಇರಬಹುದು, ಇಲ್ಲವೇ ಮೈಯನ್ನು ಕಾಯಬೇಕಾದ ಆ್ಯಂಟಿಬಾಡಿಗಳೇ ಗ್ರಂಥಿಯ ಮೇಲೆ ತಿರುಗಿಬಿದ್ದಿರಬಹುದು, ರಕ್ತ ನೋಡಬೇಕು ಎಂದರು.

ಟಿಬಿ ಎಂಬ ಒಂದೇ ಮಾತು ಇವರ ಕಿವಿಯಲ್ಲಿ ಉಳಿಯಿತು. ಮಗುವಿಗೆ ಅಂಟೀತೆಂದು ಅಂದಿನಿಂದ ಮನೆ ಹೊರಗಿನ ಗ್ಯಾಲರಿಯಲ್ಲೇ ಊಟ, ಗ್ಯಾಲರಿಯಲ್ಲೇ ಚಾಪೆ. ಮೂರು ವರ್ಷದ ಮಗಳು ನಿಶ್ಮಿತಾ ಓಡಿ ಬಂದರೆ ಹತ್ತಿರ ಬರಬೇಡ ಎಂದು ಗದರಿಸಿ ಓಡಿಸುತ್ತಿದ್ದರು. ಅಳುವ ಅವಳನ್ನು ನಾನು ಒಳಗೆ ಎತ್ತಿಕೊಂಡು ಹೋಗುತ್ತಿದ್ದೆ.

ರಕ್ತ ವಾಶಿಯ ಲ್ಯಾಬಿಗೆ ಹೋಯಿತು. ನನಗೆ ಸುಮ್ಮನಿರಲಾಗುತ್ತದಾ? ರಕ್ತ ತೆಗೆದವಳನ್ನು ಹಿಡಿದು ಅಲ್ಲಿ ಎಂತ ಮಾಡುತ್ತಾರೆ ಎಂದು ಕೇಳಿದೆ. ಗ್ರಂಥಿಯ ಒಂದು ಅಂಶವನ್ನು ಗಾಳದ ಹಾಗೆ ಇಡುತ್ತಾರಂತೆ, ರಕ್ತದಲ್ಲಿ ಅದರ ವೈರಿ ಆ್ಯಂಟಿಬಾಡಿ ಇದ್ದರೆ ಬಂದು ಕಚ್ಚುತ್ತದಂತೆ. ಅಬ್ಬಾ, ಎಂತೆಂಥ ಉಪಾಯ! ಕಚ್ಚಲಿ ದೇವರೇ, ಟಿಬಿ ಆಗದಿರಲಿ ಎಂದು ಹರಕೆ ಹೊತ್ತೆ. ಗಂಡನ ರಕ್ತ ಗಂಡನಿಗೇ ವೈರಿಯಾಗಲಿ ಎಂದು ಬೇಡಿದವಳು ನಾನೊಬ್ಬಳೇ ಇರಬೇಕು.

ಕಚ್ಚಿತ್ತು. ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಒಟ್ಟಿಗೆ ನೋಡಿ, ಟಿಬಿ ಅಲ್ಲ, ಆದರೆ ಮಾತ್ರೆ ಜೀವನಪೂರ್ತಿ, ಒಂದು ದಿನವೂ ತಪ್ಪಿಸಬಾರದು ಎಂದರು ಡಾಕ್ಟರ್. ತನ್ನದೇ ಮೈ ಯಾಕೆ ಹೀಗೆ ಮಾಡುತ್ತದೆ ಎಂದು ನಾನು ಕೇಳಿದೆ. ಅದು ಇನ್ನೂ ಪೂರ್ತಿ ಗೊತ್ತಿಲ್ಲವಂತೆ. ಇವರು ಕೇಳಿದ್ದು ಒಂದೇ.

"ಮಗುವನ್ನು ಎತ್ತಿಕೊಳ್ಳಬಹುದಾ ಡಾಕ್ಟ್ರೇ?"

"ಬೇಡ ಎಂದವರು ಯಾರು?"

ಯಾರೂ ಹೇಳಿರಲಿಲ್ಲ. ಮನೆಗೆ ಬಂದವರೇ ಬಾಗಿಲಲ್ಲೇ ಮೊಣಕಾಲೂರಿ ಎರಡೂ ಕೈ ಚಾಚಿದರು. ನಿಶ್ಮಿತಾ ಗೋಡೆಗೆ ಒತ್ತಿ ನಿಂತಳು.

"ಪಪ್ಪಾ, ಮೈ ಪಾಸ್ ನಹೀ ಆತೀ," ನಾನು ಹತ್ತಿರ ಬರುವುದಿಲ್ಲ ಎಂದಳು ಹಿಂದಿಯಲ್ಲಿ, ಜಾಣೆ ಎನ್ನಿಸಿಕೊಳ್ಳುವ ಆಸೆಯಿಂದ.