ಯಾವ ಆಯ್ತು?

ಕಾಮೋಠೆಯಲ್ಲಿ ನಮ್ಮ ಹೋಟೆಲಿನ ಎರಡನೆಯ ಶಾಖೆಯ ಕೆಲಸ ನಡೆಯುತ್ತಿದೆ. ಮೊನ್ನೆ ಬೆಳಿಗ್ಗೆ ಶಟರ್ ಎತ್ತಿದೊಡನೆ ಹಸಿ ಬಿಳಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಡೊಂಬಿವಲಿಯ ನಮ್ಮ ಎದುರುಮನೆಯ ಅಕ್ಕ ನೆನಪಾದರು...

ಅಕ್ಕ ಉಡುಪಿ ಕಡೆಯವರು. ಅಲ್ಲಿನ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಪ್ಲಾನಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುವುದು ಅವರ ಹೊಣೆ. ನನ್ನ ಅಪ್ಪನಿಗೆ ಅದೊಂದು ಕೆಲಸವೆಂದೇ ಅನ್ನಿಸಿರಲಿಲ್ಲ. ನಾವೆಲ್ಲ ಪ್ಲಾನ್ ಮಾಡಿಯೇ ಹೋಟೆಲ್ ಇಟ್ಟದ್ದಾ ಎಂದು ನಗುತ್ತಿದ್ದರು.

ಹಾಗೆ ನಗುತ್ತಲೇ ಅಪ್ಪ ಸ್ಟೇಷನ್ ಹತ್ತಿರದ ನಮ್ಮ ಪುಟ್ಟ ಹೋಟೆಲಿನ ಅಡುಗೆಮನೆಯನ್ನು ಒಡೆಸಿದರು, ಹೊಸದಾಗಿ ಕಟ್ಟಿಸಬೇಕೆಂದು. ಮೂವರು ಅಡುಗೆಯವರನ್ನು ಊರಿಗೆ ಕಳಿಸಿ, ಚೌತಿಗೆ ಮೊದಲು ತೆರೆಯುತ್ತೇನೆ ಎಂದು ಮಾತು ಕೊಟ್ಟರು. ಅವರಲ್ಲಿ ದೋಸೆ ಹೊಯ್ಯುವವರನ್ನು ಠಾಣೆಯ ಹೋಟೆಲೊಂದು ಆಗಲೇ ಕರೆಯುತ್ತಿತ್ತು. ನಾವು ತಡಮಾಡಿದರೆ ಅವರು ಅಲ್ಲಿಗೆ ಹೋಗುವವರೇ, ಉಳಿದಿಬ್ಬರೂ ಅವರ ಹಿಂದೆ. ಆ ಮೂವರ ಕೈರುಚಿ ಬಿಟ್ಟರೆ ಅಪ್ಪನ ಹೋಟೆಲಿನಲ್ಲಿ ಉಳಿಯುವುದು ಬರೀ ಮೇಜು ಕುರ್ಚಿ.

ನೀರಿನ ಪೈಪಿನ ಕೆಲಸ ನಮ್ಮೂರ ಕಡೆಯವನೊಬ್ಬನದು. ಅಪ್ಪ ಫೋನ್ ಮಾಡಿ ಗೋಡೆಯೊಳಗೆ ಹೋಗುವ ಪೈಪಿನ ವಿಚಾರ ಕೇಳಿದರು. ಅವನು "ಆಯ್ತು ಅಣ್ಣಾ" ಎಂದ. ಅಪ್ಪ ಟೈಲ್ಸಿನವನನ್ನು ಬರಹೇಳಿ, ತಾವು ಪಾತ್ರೆ ಕೊಳ್ಳಲು ಉಲ್ಹಾಸನಗರಕ್ಕೆ ಹೋದರು. ಮರಳಿ ಬರುವಾಗ ಗೋಡೆ ತುಂಬ ಟೈಲ್ಸು ಫಳಫಳ ಹೊಳೆಯುತ್ತಿತ್ತು. ಅದರ ಮುಂದೆ ಪೈಪುಗಳನ್ನು ಹೆಗಲ ಮೇಲೆ ಹೊತ್ತು ಆ ಪ್ಲಂಬರ್ ನಿಂತಿದ್ದ. ಅಪ್ಪ ಕೇಳಿಸಿಕೊಂಡದ್ದು ಕೆಲಸ ಮುಗಿಯಿತು ಎಂದು. ಅವನು ಹೇಳಿದ್ದು ಮಾಡುತ್ತೇನೆ ಎಂದು.

ಟೈಲ್ಸ್ ಒಡೆಯಬೇಕಾಯಿತು. ಅಪ್ಪ ಮನೆಯ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತದ್ದನ್ನು ನಾನು ಮೊದಲ ಸಲ ನೋಡಿದೆ. ಕೆಲಸದಿಂದ ಬಂದ ಅಕ್ಕ ಕತೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬ್ಯಾಗನ್ನೂ ಕೆಳಗಿಡದೆ ನಮ್ಮ ಜೊತೆ ಹೋಟೆಲಿಗೆ ಬಂದರು.

"ಮೊದಲ ದೋಸೆ ಯಾವತ್ತು ಹೊಯ್ಯಬೇಕು, ಅದು ಹೇಳಿ ಮೊದಲು," ಎಂದರು.

ಗಿಲಾವು ಆಗಿ ಬಣ್ಣ ಕಾಣದ ಗೋಡೆಯ ಬಲತುದಿಯಲ್ಲಿ ಸೀಮೆಸುಣ್ಣದಿಂದ ಅದನ್ನು ಬರೆದರು. ಅದಕ್ಕೆ ಮುಂಚೆ ಏನಾಗಿರಬೇಕು, ಅದಕ್ಕೂ ಮುಂಚೆ ಏನು ಎಂದು ಕೇಳುತ್ತ ಎಡಕ್ಕೆ ಬಂದರು. ಪ್ರತಿ ಕೆಲಸದ ಕೆಳಗೆ ಒಂದೇ ಹೆಸರು. ಒಂದಕ್ಕೆ ನಾನು ಎರಡು ಹೆಸರು ಹೇಳಿದೆ. "ಇಬ್ಬರದ್ದು ಅಂದ್ರೆ ಯಾರದ್ದೂ ಅಲ್ಲ ಮಾರಾಯ್ತಿ," ಎಂದು ಒಂದನ್ನು ಒರೆಸಿದರು. ಗೋಡೆ ಒಣಗುವವರೆಗೆ ಬಡಗಿ ಸುಮ್ಮನೆ ಕಾಯಬೇಕಿಲ್ಲ, ಅವನು ತನ್ನ ಅಂಗಡಿಯಲ್ಲೇ ಬೆಂಚು ಮಾಡಿಕೊಂಡಿರಲಿ ಎಂದರು. ಭಾನುವಾರ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಟ್ರೈನ್ ನಿಲ್ಲಿಸುತ್ತಾರೆ, ಅದನ್ನು ನಂಬಿ ಯಾರನ್ನೂ ಕರೆಯಬೇಡಿ ಎಂದು ಆ ದಿನವನ್ನು ಖಾಲಿ ಬಿಟ್ಟರು. ಕೊನೆಯಲ್ಲೂ ಒಂದೆರಡು ದಿನ ಖಾಲಿ ಬಿಟ್ಟರು. ಅಪ್ಪ ಗೊಣಗಿದರು. ಮುಂದೆ ಬಡಗಿ ಜ್ವರ ಬಂದು ಮಲಗಿದಾಗ ನಮ್ಮನ್ನು ಉಳಿಸಿದ್ದು ಆ ಖಾಲಿಯೇ.

ದಿನಾ ಸಂಜೆ ಅಕ್ಕ ಬಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಯಾರಾದರೂ ಆಯ್ತು ಎಂದರೋ, ಸಿಕ್ಕಿಬಿದ್ದರು.

"ಯಾವ ಆಯ್ತು? ಆದ ಆಯ್ತಾ, ಆಗುವ ಆಯ್ತಾ?"

ಪ್ಲಂಬರಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಕಡೆಗೆ ಅವನೇ ನಲ್ಲಿ ತಿರುಗಿಸಿ, "ಆದ ಆಯ್ತು ಅಕ್ಕಾ, ನೀರು ನೋಡಿ," ಎನ್ನತೊಡಗಿದ. ಕನ್ನಡದ ಗಂಧವಿಲ್ಲದ ಟೈಲ್ಸಿನವನೂ ಆ ಮಾತು ಕಲಿತ. ಎಲ್ಲದರ ಕೊನೆಗೆ ಆ ಗೋಡೆಗೆ ಬಣ್ಣ ಬಿತ್ತು, ಪ್ಲಾನು ಅದರಡಿ ಮುಚ್ಚಿಹೋಯಿತು. ಚೌತಿಗೆ ಮೊದಲೇ ತೆರೆದೆವು. ಮೂವರೂ ಬಂದರು. ಮೊದಲ ದೋಸೆಯನ್ನು ಅಪ್ಪ ತಾವೇ ಅಕ್ಕನ ಎದುರು ಇಟ್ಟರು. ಪ್ಲಾನಿಂಗ್ ಬಗ್ಗೆ ಮತ್ತೆ ತಮಾಷೆ ಮಾಡಲಿಲ್ಲ.

ಈ ಕಾಮೋಠೆಯ ಜಾಗ ಸಿಕ್ಕಾಗ ಅಕ್ಕ ಠಾಣೆಯಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು, ತೀರಾ ಇಳಿದುಹೋಗಿದ್ದರು. ಮೊದಲ ದೋಸೆ ನಿಮಗೇ, ಬರಲೇಬೇಕು ಎಂದೆ.

"ಆಯ್ತು," ಎಂದರು.

ಬೇಡವೆಂದರೂ ನಾಲಿಗೆ ಕೇಳಲಿಲ್ಲ. "ಯಾವ ಆಯ್ತು ಅಕ್ಕಾ?"

ಅವರು ನನ್ನ ಕೈ ಹಿಡಿದು ನಕ್ಕರು. "ನೀನೇ ಹೇಳು ಮಾರಾಯ್ತಿ..."

ಆ ತಿಂಗಳು ಕಳೆಯುವುದರೊಳಗೆ ಅಕ್ಕ ಹೋದರು.

ಇಲ್ಲಿನ ಗೋಡೆಯ ಮೇಲೂ ನಾನು ಬಲತುದಿಯಿಂದಲೇ ಬರೆದಿದ್ದೇನೆ. ಮೊದಲ ದೋಸೆ, ಅದರ ಕೆಳಗೆ, ಅಕ್ಕ. ಅವರು ಇದ್ದಾಗ ಬರೆದದ್ದು. ಒರೆಸಿ ಬೇರೆ ಹೆಸರು ಹಾಕಲು ಮನಸ್ಸಾಗಿಲ್ಲ. ಅವರಿಲ್ಲದ್ದು ನನಗೆ ಅತಿ ಹೆಚ್ಚು ತಾಗುವುದು ಈ ಗೋಡೆಯ ಎದುರಲ್ಲಿಯೇ. ನಿನ್ನೆ ಬಿಜಾಪುರ ಕಡೆಯ ಪೇಂಟರ್ ಬ್ರಷ್ ತೊಳೆಯುತ್ತ ಕೇಳಿದ: "ಅಕ್ಕಾರ, ಇದೊಂದ ಗ್ವಾಡಿ ಉಳದೈತ್ರಿ. ನಾಳೆ ಬಣ್ಣ ಹೊಡದಬಿಡ್ಲೇನ್ರಿ?"

ಆಯ್ತು ಎಂದೆ. ಯಾವ ಆಯ್ತು ಎಂದು ಅವನು ಕೇಳಲಿಲ್ಲ.